ಹೆಸರು ನುಂಗಿದವಳು

"ನಿಮ್ಮ ಹೆಸರ ಮಾತ್ರ ಹೇಳಬ್ಯಾಡ್ರಿ!"

ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ, ಹಾಡುಹಗಲೇ, ಎದುರಿಗೆ ಬಂದು ನಿಂತ ಅಪರಿಚಿತ ಯುವಕನಿಗೆ ಜಯಮಾಲಾ ಹಾಗೆ ಕೂಗಿ ಹೇಳಿದಳು. ಪಕ್ಕದ ಬೆಂಚಿನಲ್ಲಿ ಮಂಡಾಳು ತಿನ್ನುತ್ತಿದ್ದ ಹೆಂಗಸು ಕೈ ತಡೆದು ಇವರತ್ತ ನೋಡಿದಳು. ಅಲ್ಲ, ಪರಿಚಯ ಮಾಡಿಕೊಳ್ಳಲು ಬಂದವನಿಗೆ ಯಾರಾದರೂ ಹೀಗೆನ್ನುತ್ತಾರೆಯೇ?

ಆದರೆ ತಡವಾಗಿತ್ತು. ಹೆಸರು ಅವನ ಬಾಯಿಂದ ಜಾರಿಯೇಬಿಟ್ಟಿತು.

"ಅಂಬರಾಯ," ಎಂದವನು ಅವಳ ಗಾಬರಿ ನೋಡಿ ಕಣ್ಣರಳಿಸಿದ. "ಯಾಕ್ರಿ? ಹೆಸರಿನ್ಯಾಗ ಏನದ?"

ಜಯಮಾಲಾ ಎರಡೂ ಕಿವಿ ಮುಚ್ಚಿಕೊಂಡಳು. 'ಅಯ್ಯೋ... ಕೇಳಿಸಿಕೊಂಡುಬಿಟ್ಟೆನಲ್ಲ! ಇನ್ನು ಮರೆಯುವುದು ಹೇಗೆ?'

"ಏನಿಲ್ರಿ... ಕೆಲಸದ ಮಾತ ಹೇಳ್ರಿ," ಎಂದು ತೊದಲಿದಳು.

ಚಿತ್ತಾಪುರದ ಕೋರ್ಟಿನ ಎದುರಿಗಿನ ಝೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುವ ಜಯಮಾಲಾ, ಕಥೆಗಳ ಆ್ಯಪಿನಲ್ಲಿ 'ನೆರಳು' ಎಂಬ ಹೆಸರಿನಿಂದ ದೆವ್ವದ ಕಥೆ ಬರೆಯುತ್ತಿದ್ದಳು. ಓದುಗರಿಗೆ ಅವಳ ಮೇಲೆ ಒಂದೇ ತಕರಾರು. ಅವಳ ಕಥೆಯಲ್ಲಿ ಯಾರಿಗೂ ಹೆಸರಿಲ್ಲ! ಅವನು, ಅವಳು, ಮುದುಕಿ, ಡ್ರೈವರ್... ಅಷ್ಟೇ. 'ಮೇಡಂ, ಹೀರೋಗೆ ಒಂದು ಹೆಸರಿಡಿ ಪ್ಲೀಸ್' ಎಂದು ಕಮೆಂಟು ಹಾಕಿ ಹಾಕಿ ಪಾಪ ಅವರೇ ಸೋತಿದ್ದರು.

ಅಂಬರಾಯನದು ಶಹಾಬಾದಿನಲ್ಲಿ ಮೊಬೈಲ್ ರಿಪೇರಿ ಅಂಗಡಿ. ಗೆಳೆಯ ಅಮರನಾಥನ ಜೊತೆ ಸೇರಿ ಅವನೊಂದು ಗೇಮ್ ಮಾಡುತ್ತಿದ್ದ. ನೀರು ತುಂಬಿದ ಹಳೆಯ ಕಲ್ಲಿನ ಖಣಿ, ಅದರೊಳಗೆ ದಾರಿ ತಪ್ಪಿದ ಒಬ್ಬ ಯುವಕ, ಸುತ್ತ ದೆವ್ವಗಳು. ಚಿತ್ರ ಬರೆಯಲು ಅಮರನಾಥ ಇದ್ದ, ಮಾತು ಬರೆಯಲು 'ನೆರಳು' ಬೇಕಾಗಿತ್ತು. ಆ್ಯಪಿನಲ್ಲೇ ಸಂದೇಶ ಕಳಿಸಿ, ಇಬ್ಬರಿಗೂ ಅನುಕೂಲವಾದ ವಾಡಿಗೆ ಅವಳನ್ನು ಕರೆಸಿದ್ದ.

"ಗೇಮಿನ್ಯಾಗ ಎಲ್ಲಾ ಹೆಸರಿಂದೇ ಆಟ ನೋಡ್ರಿ," ಎಂದು ಅವನು ಉತ್ಸಾಹದಿಂದ ಶುರು ಮಾಡಿದ. "ತಲಿ ಮ್ಯಾಲ ಹೆಸರಿಲ್ಲದ ದೆವ್ವ ಬಂತಂದ್ರ ಆಡೋರು ಹಿಂದಮುಂದ ನೋಡದ ಹೊಡೀತಾರ. ಅದಕ್ಕೇ ಒಂದು ಹೆಸರಿಡ್ರಿ, ಕೈ ತಡೀತದ. ಹೆಸರಿಗಿ ಒಂದು ಬಿರುದು ಹಚ್ಚಿ, 'ಏಳು ಖಣಿಯ ಒಡತಿ' ಅಂತ ಬರದ್ರಂತೂ ಓಡೇ ಹೋಗ್ತಾರ!"

ಜಯಮಾಲಾಳಿಗೆ ನಗು ಬಂತು. "ಬಿರುದು ಎಷ್ಟ ಬೇಕಾದ್ರೂ ಕೊಡ್ತೀನ್ರಿ. ಹೆಸರ ಕೇಳಬ್ಯಾಡ್ರಿ."

"ಆಯ್ತ್ರಿ. ಹಂಗೇ ಶುರು ಮಾಡೂನು."

ಭಾನುವಾರಗಳು ಹೀಗೆ ವಾಡಿಯಲ್ಲಿ ಕಳೆಯತೊಡಗಿದವು. ಸ್ಟೇಷನ್ ಹೊರಗಿನ ಚಹಾದಂಗಡಿಯಲ್ಲಿ ಕೂತು ಅವಳು ದೆವ್ವಗಳಿಗೆ ಬಿರುದು ಹಂಚಿದಳು. ಕಂದೀಲಿನವಳು. ನೀರಿನ ತಳವಾರ. ಬಾಯಿಲ್ಲದ ಗೌಡ... ಒಂದೊಂದಕ್ಕೂ ಅಂಬರಾಯ "ವಾರೆವ್ಹಾ!" ಎಂದು ಮೇಜು ಕುಟ್ಟುತ್ತಿದ್ದ. ಆಡುವವನು ಸೋತಾಗ ತೆರೆಯ ಮೇಲೆ ಬರುವ ವಾಕ್ಯವನ್ನೂ ಅವಳೇ ಬರೆದುಕೊಟ್ಟಳು. ಹೆಸರಿನ ಜಾಗ ಖಾಲಿ ಬಿಟ್ಟು, ಮುಂದೆ 'ಸತ್ತನು. ಮತ್ತೆ ಆಡುವಿರಾ?' ಎಂದು.

ಅವನನ್ನು ಕರೆಯಬೇಕಾದಾಗ ಮಾತ್ರ ಅವಳಿಗೆ ಪೇಚಾಟ. "ರೀ, ಚಹಾ ಆರ್ಲಿಕತ್ತದ..."

"ಹೆಂಡ್ತೇರು ಕರದಂಗ ಕರೀತೀರಲ್ಲ!" ಎಂದು ಅವನು ಛೇಡಿಸಿದ ದಿನ ಅವಳ ಕಿವಿಯೆಲ್ಲ ಕೆಂಪಾಯಿತು. ಆದರೂ ಮುಂದಿನ ವಾರ ಮತ್ತೆ "ರೀ" ಎಂದೇ ಕರೆದಳು.

ಒಂದು ದಿನ ಅವನೇ ಅಜ್ಜನಿಂದ ಬಂದ ತನ್ನ ಹೆಸರಿನ ಕಥೆ ಹೇಳಿದ. "ಕಾಲೇಜಿನ್ಯಾಗ ಎಲ್ಲಾರೂ ನಗ್ತಿದ್ರು. ಇದೇನೋ ಮುದುಕರ ಹೆಸರು ಅಂತ. ನಮ್ಮ ಮುತ್ಯಾಂದು ಅದು. ಗೇಮ್ ಆಡುವಾಗ ಮಂದಿ ಕಿಂಗ್ ಅಂತಾರ, ಡೆವಿಲ್ ಅಂತಾರ. ನಾ ಕನ್ನಡದಾಗೇ ಬರೀತೀನಿ, ಅಂಬರಾಯ ಅಂತ. ಗೆದ್ದಾಗ ನಮ್ಮ ಮುತ್ಯಾನ ಹೆಸರು ಎಲ್ಲಾರಕಿಂತ ಮ್ಯಾಲ ಬರ್ತದ. ಭಾಳ ಖುಷಿ ಆಗ್ತದ ನನಗ."

ಅವನು ಅಷ್ಟು ಆಸೆಯಿಂದ ಅವಳ ಮುಖ ನೋಡಿದ! ಒಂದು ಸಲ, ಒಂದೇ ಒಂದು ಸಲ, ಅವಳ ಬಾಯಲ್ಲಿ ಆ ಹೆಸರು ಕೇಳಬೇಕೆಂಬ ಆಸೆ. ಅವಳಿಗೂ ನಾಲಿಗೆಯ ತುದಿಗೆ ಬಂದಿತ್ತು. ಬಂದದ್ದನ್ನು ಚಹಾದ ಜೊತೆ ನುಂಗಿದಳು.

'ಬೇಡ. ಇವರೊಬ್ಬರಾದರೂ ಚೆನ್ನಾಗಿರಲಿ...'

ಅಷ್ಟರಲ್ಲಿ ಆ ಭಾನುವಾರ ಬಂತು.

'ನೀರಿನ ತಳವಾರ'ನ ಮಾತನ್ನು ಅವಳು ಮೊಬೈಲಿನಲ್ಲಿ ಟೈಪ್ ಮಾಡುತ್ತಿದ್ದಳು. ಪಕ್ಕದಲ್ಲೇ ಕೂತು ಅಂಬರಾಯ ಬಗ್ಗಿ ನೋಡುತ್ತಿದ್ದ. 'ಈ ನೀರಿಗೆ ಇಳಿದರೆ ನೀನೂ ಸಾಯ...' ಎನ್ನುವಷ್ಟರಲ್ಲಿ ಕೀಬೋರ್ಡಿನ ಮೇಲೆ ತಾನಾಗಿ ಒಂದು ಹೆಸರು ಮೂಡಿತು. ಸಾಯಿಕುಮಾರ.

ಅವಳು ಬೆರಳು ಸರಸರ ಓಡಿಸಿ ವಾಕ್ಯ ಮುಗಿಸಿದಳು. ಮುಂದಿನ ಸಾಲಿನಲ್ಲಿ ಮತ್ತೆ 'ಸಾಯ' ಎಂದು ಬಂತು. ಮತ್ತೆ ಅದೇ ಹೆಸರು ಬಂತು.

"ಯಾರು ಈ ಸಾಯಿಕುಮಾರ?" ಅಂಬರಾಯನ ದನಿಯಲ್ಲಿ ನಗುವಿರಲಿಲ್ಲ.

ಜಯಮಾಲಾ ಆ ಸಾಲನ್ನೇ ಅಳಿಸತೊಡಗಿದಳು.

"ಮೊಬೈಲ್ ರಿಪೇರಿ ಮಾಡಾಂವ ನಾ, ನನಗ ಗೊತ್ತಿಲ್ಲೇನು? ನಾವು ಮತ್ತ ಮತ್ತ ಬರೆಯೋ ಹೆಸರೇ ಫೋನಿಗಿ ನೆಪ್ಪಿರ್ತದ." ಅವನು ತನ್ನ ಫೋನ್ ತೆಗೆದು ಅವಳ ನಂಬರಿಗೆ ಕರೆ ಮಾಡಿದ. ಅವಳ ತೆರೆಯ ಮೇಲೆ 'ಗೇಮ್' ಎಂದು ಬಂತು. "ನೋಡು. ನನ್ನ ಹೆಸರು ನಿನ್ನ ಫೋನಿನ್ಯಾಗೂ ಇಲ್ಲ, ಬಾಯಾಗೂ ಇಲ್ಲ. ಅಂಬರಾಯ ಅಂದ್ರ ಹಳ್ಳಿ ಹೆಸರು, ನಾಚಿಕಿ ಬರ್ತದ. ಹೌದಿಲ್ಲೋ?"

'ಅಲ್ಲ! ಹಾಗಲ್ಲ ರೀ!' ಎಂದು ಅವಳ ಜೀವ ಕೂಗಿತು. ತುಟಿ ಮಾತ್ರ ಬಿಚ್ಚಲಿಲ್ಲ. ಬಿಚ್ಚಿದರೆ ಎರಡು ಹೆಸರು ಹೇಳಬೇಕಾಗಿತ್ತು. ಒಂದು ಸತ್ತವನದು, ಇನ್ನೊಂದು ಸಾಯಬಾರದವನದು.

"ತಿಳೀತು ಬಿಡು," ಎಂದು ಅಂಬರಾಯ ಎದ್ದು ಹೋದ. ಚಹಾ ಹಾಗೇ ಇತ್ತು.

ಹಿಂದೊಮ್ಮೆ ಸೇಡಂನ ಸಾಯಿಕುಮಾರನಿಗೂ ಜಯಮಾಲಾಳಿಗೂ ಮದುವೆ ನಿಶ್ಚಯವಾಗಿತ್ತು. ಆಗಷ್ಟೇ ಬರೆಯಲು ಶುರು ಮಾಡಿದ್ದ ಅವಳು ಪ್ರೀತಿಯಿಂದ ತನ್ನ ಮೊದಲ ಕಥೆಯ ನಾಯಕನಿಗೆ ಅವನ ಹೆಸರನ್ನೇ ಇಟ್ಟಳು. ಪ್ರತಿ ಸಂಚಿಕೆ ಓದಿ ಅವನು ಫೋನ್ ಮಾಡುತ್ತಿದ್ದ, "ಇವತ್ತ ನಾ ಏನೇನ ಮಾಡೀನ್ಲೇ?" ಎಂದು. ಓದುಗರು ಅಳಲಿ ಎಂದು ಕೊನೆಯ ಸಂಚಿಕೆಯಲ್ಲಿ ಅವಳು ನಾಯಕನನ್ನು ಲಾರಿಗೆ ಬಲಿ ಕೊಟ್ಟಳು. "ಕೊಂದೇ ಬಿಟ್ಟೆಲ್ಲ ನನ್ನ!" ಎಂದು ಅವನು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದ.

ಮದುವೆಗೆ ಮುಂಚೆ ಸೇಡಂ ರಸ್ತೆಯಲ್ಲಿ ಅವನ ಬೈಕಿಗೆ ಲಾರಿ ಬಡಿಯಿತು.

ದುಃಖದ ಮನೆಗೆ ಹೋದಾಗ ಅವರ ಬಳಗದ ಯಾರೋ ಹೆಂಗಸು ಎಲ್ಲರೆದುರು ಅಂದಳು, "ಬಂದಳು ನೋಡ್ರಿ, ಹೆಸರ ಬರದು ನುಂಗಿದಾಕಿ."

ಆ ಮಾತು ಇಂದಿಗೂ ಕಿವಿ ಬಿಟ್ಟು ಹೋಗಿಲ್ಲ. ದೆವ್ವದ ಕಥೆ ಬರೆಯುವವಳಿಗೆ ಸಾವಿನ ಮಾತು ಬಿಟ್ಟು ಹೇಗೆ ನಡೆದೀತು? 'ಸಾಯ' ಎಂದು ಒತ್ತಿದಾಗಲೆಲ್ಲ ಅವನು ಬಂದು ನಿಲ್ಲುತ್ತಿದ್ದ, ಕರೆದೆಯಾ ಎಂದು ಕೇಳುವವನ ಹಾಗೆ. ಒಂದಿಷ್ಟು ಹೊತ್ತು ಒತ್ತಿ ಹಿಡಿದರೆ ಆ ಹೆಸರು ಅಳಿಸಿಹೋಗುತ್ತಿತ್ತು. ಅವಳು ಬೆರಳು ಇಡುತ್ತಿದ್ದಳು, ತೆಗೆಯುತ್ತಿದ್ದಳು. ಒಮ್ಮೆ ಕೊಂದದ್ದು ಸಾಲದೇ... ಮತ್ತೆ ಅಳಿಸುವುದೇ?

ವಾಡಿಯಿಂದ ಮನೆಗೆ ಬಂದಾಗ ಅಜ್ಜಿ ಯಂಕಮ್ಮ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮೊಮ್ಮಗಳ ಮುಖ ನೋಡಿದ್ದೇ ಮೊರ ಪಕ್ಕಕ್ಕಿಟ್ಟಳು. "ಆ ಗೇಮಿನ ಹುಡುಗ ಏನಂದ?"

ಅಷ್ಟು ಕೇಳಿದ್ದೇ ಸಾಕಾಯಿತು. ಜಯಮಾಲಾ ಅವಳ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿದಳು. "ಅವರ ಹೆಸರ ನನ್ನ ಬಾಯಾಗ ಬಂದ್ರ ಅವರಿಗೂ ಏನಾರ ಆಗ್ತದ ಆಯಿ... ನನ್ನ ನಸೀಬೇ ಹಂಗದ!"

ಯಂಕಮ್ಮ ಅವಳ ತಲೆ ಸವರಿದಳು.

"ನಿಮ್ಮ ಮುತ್ಯಾನ ಹೆಸರ ನಾ ಒಮ್ಮಿನೂ ಹಿಡದಿದ್ದಿಲ್ಲ. ಹೆಸರ ಹಿಡದ್ರ ಗಂಡನ ಆಯುಷ್ಯ ಕಡಿಮಿ ಆಗ್ತದ ಅಂತ ಹೆದರಿಸಿದ್ರು. ಅಂವ ಹೊಳಿ ಆ ದಂಡ್ಯಾಗ ಇದ್ರ, ನಾ ಈ ದಂಡ್ಯಾಗ ನಿಂತು ಸೆರಗ ಬೀಸ್ತಿದ್ದೆ. ಹೆಸರೇ ಅಮೃತಪ್ಪ ನೋಡು... ಆದ್ರೂ ಹೋದ!" ಮುದುಕಿ ಗೋಡೆಯ ಕಡೆ ನೋಡಿದಳು. "ಈಗ ಮನ್ಯಾಗ ಯಾರೂ ಇಲ್ಲದಾಗ ಕರೀತೀನಿ, ಅಮೃತಪ್ಪಾ ಅಂತ. ಗ್ವಾಡಿ ಓ ಅಂತದೇನು? ಇದ್ದಾಗ ಒಮ್ಮಿ ಕರೀಬೇಕಿತ್ತು ತಂಗಿ. ಅದೊಂದು ಉಳದೋಯ್ತು ನನಗ."

ಜಯಮಾಲಾ ತಲೆಯೆತ್ತಿ ಅಜ್ಜಿಯ ಮುಖ ನೋಡಿದಳು. ಯಂಕಮ್ಮ ಕಣ್ಣೊರೆಸಿಕೊಂಡು ಮತ್ತೆ ಬೇಳೆಗೆ ಕೈ ಹಾಕಿದಳು.

ಮರುದಿನ ಮಧ್ಯಾಹ್ನ ಜಯಮಾಲಾ ಶಹಾಬಾದಿನ ಅವನ ಅಂಗಡಿಯ ಮುಂದೆ ನಿಂತಿದ್ದಳು. ದಾರಿಯುದ್ದಕ್ಕೂ ಕರೆ ಮಾಡಿದ್ದಳು, ಫೋನ್ ಬಂದ್ ಆಗಿತ್ತು. ಅಂಗಡಿಯಲ್ಲಿ ಅಮರನಾಥ ಒಬ್ಬನೇ ಕೂತಿದ್ದ.

"ಹಳಿ ಖಣಿಗಿ ಹೋಗ್ಯಾನ್ರಿ, ಗೇಮಿಗಿ ಆವಾಜು ರೆಕಾರ್ಡ್ ಮಾಡ್ಲಿಕ್ಕಿ. ನಿನ್ನಿಯಿಂದ ಮಾರಿ ಸಣ್ಣದು ಮಾಡ್ಕೊಂಡಾನ. ಇಲ್ನೋಡ್ರಿ ಹುಚ್ಚನ ಕೆಲಸ! ಹೀರೋಗ ತನ್ನದೇ ಹೆಸರ ಇಟ್ಟಾನ," ಎಂದು ಅವನು ಲ್ಯಾಪ್‌ಟಾಪ್ ತಿರುಗಿಸಿದ.

ತೆರೆಯ ಮೇಲೆ ಯುವಕನೊಬ್ಬ ಹಸಿರು ನೀರಿನಲ್ಲಿ ಮುಳುಗುತ್ತಿದ್ದ. ಕೆಳಗೆ ಅವಳು ಬರೆದ ವಾಕ್ಯ ಮೂಡಿತು. ಖಾಲಿ ಜಾಗ ಈಗ ತುಂಬಿತ್ತು.

ಅಂಬರಾಯ ಸತ್ತನು. ಮತ್ತೆ ಆಡುವಿರಾ?

ಅವಳು ಅಲ್ಲಿಂದ ಹೇಗೆ ಹೊರಬಿದ್ದಳೋ, ಯಾವ ಆಟೋ ಹತ್ತಿದಳೋ, ಒಂದೂ ನೆನಪಿಲ್ಲ. 'ಮತ್ತೆ ಬರೆದೆನೇ? ಮತ್ತೆ ನಾನೇ ಬರೆದೆನೇ? ದೇವರೇ... ಈ ಸಲ ಬೇಡ!'

ಖಣಿಯ ಅಂಚಿನಲ್ಲಿ ಅವನ ಬೈಕ್ ಇತ್ತು. ಅದರ ಪಕ್ಕದಲ್ಲಿ ಚಪ್ಪಲಿ ಇದ್ದವು. ಅವನು ಮಾತ್ರ ಇರಲಿಲ್ಲ.

ಕೆಳಗೆ ನೀರು ಅಲುಗಾಡದೆ ನಿಂತಿತ್ತು. "ರೀ!" ಎಂದು ಕೂಗಿದಳು. ಕಲ್ಲಿನ ಗೋಡೆಗಳು "ರೀ... ರೀ..." ಎಂದು ವಾಪಸ್ಸು ಎಸೆದವು. ಯಾರೂ ಬರಲಿಲ್ಲ. 'ರೀ' ಎಂದರೆ ಯಾರು? ಯಾರು ಬೇಕಾದರೂ ಆಗಬಹುದು. ತನಗೆ ಬೇಕಾದವನು ಒಬ್ಬನೇ, ಅವನಿಗೊಂದು ಹೆಸರಿದೆ!

"ಅಂಬರಾಯಾ!"

ಗಂಟಲು ಹರಿಯುವ ಹಾಗೆ ಒದರಿದಳು. "ಅಂಬರಾಯಾ! ಅಂಬರಾಯಾ!" ಖಣಿಯ ತುಂಬ ಅದೇ ಹೆಸರು ತುಂಬಿಕೊಂಡಿತು.

ಕೆಳಗಿನ ಮೆಟ್ಟಿಲ ಮರೆಯಿಂದ ಒಬ್ಬ ಬರಿಗಾಲಿನಲ್ಲಿ ಎದ್ದು ನಿಂತ. ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಮೈಕು. ಅವನು ಬಾಯಿ ತೆರೆದುಕೊಂಡು ಅವಳನ್ನೇ ನೋಡುತ್ತಿದ್ದ.

"ಏ... ಏನಂದಿ?"

ಅವಳು ಇಳಿದು ಹೋಗಿ ಅವನ ಅಂಗಿ ಹಿಡಿದು ಜಗ್ಗಿದಳು. "ಚಪ್ಪಲಿ ಬಿಟ್ಟು ಎಲ್ಲಿ ಕುಂತಿದ್ರಿ! ಫೋನ್ ಯಾಕ ಬಂದ್ ಇಟ್ಟಿದ್ರಿ! ಜೀವ ಹೋಗಿತ್ತು ನಂದು!"

"ಚಪ್ಪಲಿ ಸಪ್ಪಳ ರೆಕಾರ್ಡ್ ಆಗ್ತದಂತ... ಜಯಮಾಲಾ, ಅಳಬ್ಯಾಡ. ನೋಡು, ಇದ್ದೀನಲ್ಲ..."

ಅಳುತ್ತಲೇ ಎಲ್ಲ ಹೇಳಿದಳು. ನಿಶ್ಚಯ, ಕಥೆ, ಲಾರಿ, ದುಃಖದ ಮನೆಯ ಆ ಮಾತು... ಕೇಳುತ್ತ ಕೇಳುತ್ತ ಅಂಬರಾಯ ಮೈಕು ಕೆಳಗಿಟ್ಟ. ಅವನ ಕಣ್ಣುಗಳೂ ತೇವವಾಗಿದ್ದವು.

"ನನ್ನ ಹೆಸರಿನ ಸೊಕ್ಕಿನ್ಯಾಗ ನಿನ್ನ ಸಂಕಟ ನನಗ ಕಾಣಲಿಲ್ಲ. ತಪ್ಪಾಯ್ತು," ಎಂದ.

"ಈಗ ಹೆಸರ ಹೇಳಿಬಿಟ್ಟೆ. ನಿಮಗ ಏನಾರ ಆದ್ರ?"

"ಮುಂಜಾನಿಯಿಂದ ಎಷ್ಟ ಸಲ ಸತ್ತೀನಿ ಲೆಕ್ಕ ಇಲ್ಲ. ನೀರಾಗ ಮುಣುಗಿ ಸತ್ತೆ, ಕಂದೀಲಿನವಳ ಕೈಯಾಗ ಸತ್ತೆ. ಎದ್ದು ರೊಟ್ಟಿ ತಿಂದು ಬಂದೀನಿ."

ಅಳುವಿನ ನಡುವೆಯೇ ಅವಳಿಗೆ ನಗು ಉಕ್ಕಿತು. ಅವನು ಮೆಲ್ಲಗೆ ಕೇಳಿದ, "ಒಮ್ಮಿ ಅವರ ಹೆಸರೂ ಹೇಳು. ಬರದದ್ದು ನೋಡೀನಿ. ನಿನ್ನ ಬಾಯಾಗ ಕೇಳಿಲ್ಲ."

ಅವಳು ನೀರಿನ ಕಡೆ ತಿರುಗಿದಳು. ಹೆಸರಿನವನು ತೀರಿಹೋದ ಮೇಲೆ ಒಂದು ಸಲವೂ ಆಡದ ಹೆಸರು ಅದು.

"ಸಾಯಿಕುಮಾರ..."

ಖಣಿ ಆ ಹೆಸರನ್ನು ಮೆತ್ತಗೆ ಹಿಂದಕ್ಕೆ ಕೊಟ್ಟಿತು. ಅವಳು ಮೈಯೆಲ್ಲ ಕಿವಿಯಾಗಿ ನಿಂತಳು. ದುಃಖದ ಮನೆಯ ಆ ಹೆಂಗಸಿನ ಮಾತು ಬರಲಿಲ್ಲ. ಬಂದದ್ದು ತನ್ನದೇ ದನಿ.

"ಎಲ್ಲಾ ಗೇಮಿನ್ಯಾಗೂ ಒಬ್ಬ ಇರ್ತಾನ," ಎಂದ ಅಂಬರಾಯ. "ಹೊಡದ್ರೂ ಬಡದ್ರೂ ಸಾಯಲಾರದಂವ. ದಾರಿ ತಪ್ಪಿದವರಿಗಿ ಮ್ಯಾಲ ಬರೋ ದಾರಿ ತೋರಿಸಾಂವ. ನಮ್ಮ ಗೇಮಿನ್ಯಾಗ ಅವನಿಗಿ ಇನ್ನಾ ಹೆಸರಿಟ್ಟಿಲ್ಲ. ಇವರ ಹೆಸರ ಇಡೂನೇನು?"

ಜಯಮಾಲಾ ಹೌದೆಂದು ತಲೆಯಾಡಿಸಿದಳು. "ಇಡ್ರಿ. ಬಿರುದು ಬ್ಯಾಡ... ಬರೇ ಹೆಸರ ಸಾಕು."

ಇಬ್ಬರೂ ಬಿಸಿಲಿಗೆ ಕಾದ ಮೆಟ್ಟಿಲ ಮೇಲೆ ಕೂತರು. ಅವನು ಅವಳ ಕೈ ಹಿಡಿದ, ಅವಳು ಬಿಡಿಸಿಕೊಳ್ಳಲಿಲ್ಲ.

"ಜಯಮಾಲಾ, ನನ್ನ ಲಗ್ನ ಆಗ್ತೀಯೇನು?"

"ಲಗ್ನ ಆದ ಮ್ಯಾಲೂ ಹೆಸರ ಹಿಡದೇ ಕರೀತೀನಿ. ನಡೀತದೇನು?"

"ಸಂತ್ಯಾಗ ನಿಂತು ಕರಿ!"

"ಮುದುಕಿ ಆದ ಮ್ಯಾಲೂ?"

"ಅವಾಗ ನನಗ ಕಿವಿ ಕೇಳ್ಸಂಗಿಲ್ಲ. ಜರಾ ಜೋರಾಗಿ ಒದರಬೇಕಾಗ್ತದ."

ಅವಳು ಕಣ್ಣೊರೆಸಿಕೊಂಡು, ಅವನ ಕಿವಿಯ ಹತ್ತಿರ ಬಂದು, ಬೇಕೆಂದೇ ಜೋರಾಗಿ ಕರೆದಳು.

"ಅಂಬರಾಯಾ!"

"ಓ!" ಎಂದ ಅವನು.