ಉಳಿಸಿದ ಗುಳಿಗಿ

ಬಾಗಿಲು ಉಸಿರು ಮೂಸಿ ನೋಡಿತು. ಆಸ್ಪತ್ರೆಯ ಮೂರನೆಯ ಕೋಣೆಯ ಮಾಸ್ತರರು ಅದರ ನಡುವಿನ ಜಾಲರಿಗೆ ಬಾಯಿಟ್ಟು ಊದಿ, ಕಣ್ಣುಮುಚ್ಚಿ ನಿಂತಿದ್ದರು. ಹಸಿರು ದೀಪ ಹೊತ್ತಿಕೊಂಡಿತು, ಬಾಗಿಲು ಸರಿಯಿತು. ಮಾಸ್ತರರು ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಬಿದ್ದರು.

ಎದುರು ಕೋಣೆಯ ಗಾಜಿನ ಹಿಂದೆ ನಿಂತು ಅಶ್ವಿನೆವ್ವ ಇದನ್ನೆಲ್ಲ ನೋಡಿದಳು. ತಾನೂ ಹೋಗಿ ತನ್ನ ಬಾಗಿಲಿಗೆ ಊದಿದಳು. ಕೆಂಪು ದೀಪ.

"ನನ್ನ ಹಿಂದಿಂದ ಬಂದವ್ರೆಲ್ಲಾ ಮನಿಗೆ ಹೊಂಟ್ರು. ನಿಮ್ಮ ಬಾಗಲಕ್ಕ ನನ್ನ ಮ್ಯಾಲ ಏನ್ ಸಿಟ್ಟೈತ್ರಿ, ಡಾಕ್ಟರ್ ಬಾಯಾರ?"

ಡಾಕ್ಟರ್ ಸಿಂಚನಾ ಕಟಗೇರಿ ಹೊರಗಿನಿಂದ ನಗಲು ನೋಡಿದಳು, ನಗು ಬರಲಿಲ್ಲ. ಆ ಬಾಗಿಲನ್ನು ಕಂಡುಹಿಡಿದವಳು ಅವಳೇ.

ಆ ಹೊತ್ತಿಗೆ ಹಳೆಯ ಆಂಟಿಬಯೋಟಿಕ್‌ಗಳೆಲ್ಲ ಸೋತು ಸುಣ್ಣವಾಗಿದ್ದವು. ಗಂಟಲು, ಕಿವಿ, ಶ್ವಾಸಕೋಶ, ಮೂತ್ರದ ಸೋಂಕು ಯಾವುದಕ್ಕಾದರೂ ಒಂದು ಕಾಲಕ್ಕೆ ಡಾಕ್ಟರು ಕಣ್ಣುಮುಚ್ಚಿ ಬರೆಯುತ್ತಿದ್ದ ಅಮಾಕ್ಸಿಸಿಲಿನ್ನನ್ನು ರೋಗಾಣುಗಳು ಈಗ ಕಡಲೆಪುರಿಯಂತೆ ಅರಗಿಸಿಕೊಳ್ಳುತ್ತಿದ್ದವು. ಉಳಿದಿದ್ದು ಅದೇ ವಂಶದ ಒಂದೇ ಒಂದು ಹೊಸ ಔಷಧ. ಕಾಗದದ ಮೇಲೆ ಅದಕ್ಕೆ ಉದ್ದನೆಯ ಹೆಸರಿತ್ತು, ಜನರ ಬಾಯಲ್ಲಿ ಅದು 'ಕಡೀ ಗುಳಿಗಿ', ಕೊನೆಯ ಗುಳಿಗೆ. ಅದನ್ನು ಶುರುಮಾಡಿದವರು ಮೈಯಲ್ಲಿ ಒಂದು ರೋಗಾಣುವೂ ಉಳಿಯದಂತೆ ಪೂರ್ತಿ ಮುಗಿಸಬೇಕು. ಆದರೆ ಜ್ವರ ಇಳಿದ ಮೇಲೆ ಆಸ್ಪತ್ರೆಯಲ್ಲಿ ಕೂರುವವರು ಯಾರು? ಅದಕ್ಕೇ ಈ ಬಾಗಿಲು. ರೋಗಾಣುಗಳು ಉಸಿರಿನಲ್ಲಿ ಬಿಡುವ ವಾಸನೆ ಪೂರ್ತಿ ಹೋಗುವವರೆಗೂ ಅದು ತೆರೆಯುತ್ತಿರಲಿಲ್ಲ. ಬೆಂಕಿ ಬಿದ್ದರೆ ಮಾತ್ರ ತಾನಾಗಿ ತೆರೆಯುತ್ತಿತ್ತು. ಕೀಲಿ ಬೇಡವೆಂದು ಸಿಂಚನಾಳೇ ಹಟ ಹಿಡಿದಿದ್ದಳು. ಕೀಲಿ ಇಟ್ಟರೆ ದೊಡ್ಡವರ ಫೋನು ಬರುತ್ತದೆ, ಫೋನು ಬಂದರೆ ಬಾಗಿಲು ತೆಗೆಯಬೇಕಾಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೋಣೆಯೊಳಗೆ ಕ್ಯಾಮೆರಾ ಕೂಡ ಇಟ್ಟಿರಲಿಲ್ಲ. ರೋಗಿಗಳ ಮೇಲೆ ಕಣ್ಣಿಡುವುದೇಕೆ, ಬಾಗಿಲೇ ಹೇಳುತ್ತದಲ್ಲ!

ಅಶ್ವಿನೆವ್ವ ಗದಗಿನ ಬಸ್‌ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುವವಳು. ಹುಟ್ಟಿದಾಗ ಇಟ್ಟ ಹೆಸರು ಅಶ್ವಿನಿ, ತಲೆ ನರೆತ ಮೇಲೆ ಗಿರಾಕಿಗಳೇ ಅದಕ್ಕೊಂದು ಅವ್ವ ಸೇರಿಸಿದ್ದರು. ಅವಳ ಅಡುಗೆಮನೆಯಲ್ಲಿ ಯಾವುದೂ ದಂಡವಾಗುತ್ತಿರಲಿಲ್ಲ. ಮಿಕ್ಕ ರೊಟ್ಟಿ ಒಣಗಿ ಕಟಕ ರೊಟ್ಟಿಯಾಗುತ್ತಿತ್ತು, ಮಿಕ್ಕ ಅನ್ನ ಮರುದಿನದ ಚಿತ್ರಾನ್ನ. ನ್ಯುಮೋನಿಯಾ ಆಗಿ ಸ್ಟ್ರೆಚರಿನಲ್ಲಿ ಬಂದವಳು ಈಗ ಮಗಳು ಇಂಪನಾ ಕಳಿಸುವ ಬುತ್ತಿಯನ್ನು ಬಳಿದು ಉಣ್ಣುತ್ತಿದ್ದಳು, ಎಣಗಾಯಿಗೆ ಉಪ್ಪು ಕಡಿಮೆಯಾಯಿತೆಂದು ಫೋನಿನಲ್ಲೇ ಬೈಯುತ್ತಿದ್ದಳು. ಬುತ್ತಿ ಡಬ್ಬಿ ಗೋಡೆಯ ಕಿಂಡಿಯಿಂದ ಒಳಗೆ ಬಂದು, ಖಾಲಿಯಾಗಿ, ಕ್ರಿಮಿ ಕೊಲ್ಲುವ ನೀಲಿ ದೀಪದಡಿ ಹಾದು ಮನೆಗೆ ಮರಳುತ್ತಿತ್ತು.

ಇಷ್ಟು ಗಟ್ಟಿಯಾದ ಹೆಂಗಸಿಗೆ ಕೆಂಪು ದೀಪವೇಕೆ? ಕಡೀ ಗುಳಿಗಿಯೂ ಸೋತಿತೇ? ಬೆಳಗ್ಗೆ ಪ್ರಯೋಗಾಲಯದಲ್ಲಿ ಕಂಡದ್ದನ್ನು ನಂಬಲಾಗದೆ ಸಿಂಚನಾ ಗಾಜಿನ ಹತ್ತಿರ ಬಂದಳು.

"ನೆಟ್ಟಗ ಹೇಳ್ರಿ ಅವ್ವಾರ, ಗುಳಿಗಿ ತೊಗೊಳ್ಳಾಕತ್ತೀರಿಲ್ಲೋ?"

"ತೊಗೊಳ್ದೇನ್ರಿ? ನಾಕ್ ವರ್ಷದ ಮೊಮ್ಮಗಳು ಅಲ್ಲೇ ದಾರಿ ಕಾಯಾಕತ್ತೈತಿ. ನಂಗೇನ್ ಇಲ್ಲೇ ಕುಂದ್ರೂ ಹುಚ್ಚ?"

ಅಷ್ಟರಲ್ಲಿ ಕೋಣೆಯ ಗೋಡೆಯ ಪರದೆ ಬೆಳಗಿತು. ಇಂಪನಾ ಅಳುತ್ತಿದ್ದಳು.

"ಅವ್ವಾ, ತನ್ವಿ ಮಾರಿ ಬಾತೈತಿ. ಮೈತುಂಬಾ ದದ್ದು ಎದ್ದಾವು. ಉಸರ ಆಡವಲ್ದು!"

ಅಶ್ವಿನೆವ್ವ ಒಂದೇ ಜಿಗಿತಕ್ಕೆ ಬಾಗಿಲಿಗೆ ಬಂದು ಎರಡೂ ಕೈಯಿಂದ ಬಡಿದಳು. ಜಾಲರಿಗೆ ಊದಿದಳು, ಮತ್ತೆ ಊದಿದಳು. ಕೆಂಪು. ಮತ್ತೆ ಕೆಂಪು.

"ಇಂಪನಾ, ಕೂಸಿಗೆ ಏನ್ ಕೊಟ್ಟಿ?" ಸಿಂಚನಾ ಗಾಜಿನಾಚೆಯಿಂದಲೇ ಕೂಗಿದಳು.

"ನೆಗಡಿ ಆಗಿತ್ರಿ. ಅವ್ವ ಬುತ್ತಿ ಡಬ್ಬಿಯೊಳಗ ಗುಳಿಗಿ ಕಳಿಸಿದ್ಲು. ಅದರಾಗ ಅರ್ಧ..."

ಸಿಂಚನಾಳಿಗೆ ಎಲ್ಲವೂ ಅರ್ಥವಾಯಿತು. ಆದರೆ ಅದು ಬೈಯುವ ಹೊತ್ತಲ್ಲ. ಆಂಬುಲೆನ್ಸಿಗೆ ತಾನೇ ಫೋನು ಮಾಡಿದಳು, ಮಗುವಿನ ತೊಡೆಗೆ ಕೊಡಬೇಕಾದ ಇಂಜೆಕ್ಷನ್ ಯಾವುದೆಂದು ಹೇಳಿದಳು. ಅವರು ಬರುವವರೆಗೂ ಅಜ್ಜಿ ಪರದೆಯ ಮುಂದೆ ನಿಂತು ಮೊಮ್ಮಗಳ ಸೀಟಿಯಂಥ ಉಸಿರು ಕೇಳುತ್ತಿದ್ದಳು. ಮಗುವನ್ನು ಎತ್ತಿಕೊಳ್ಳುವುದಿರಲಿ, ಬೆನ್ನು ಸವರುವುದಕ್ಕೂ ಅವಳಿಂದ ಆಗುವಂತಿರಲಿಲ್ಲ. ಕೊನೆಗೆ ಆಂಬುಲೆನ್ಸ್ ಬಂತು. ಇಂಜೆಕ್ಷನ್ ನಾಟಿತು. ಮಗು ಜೋರಾಗಿ ಅತ್ತಿತು. ಅಬ್ಬಾ, ಆ ಅಳು ಕೇಳಿ ಇಬ್ಬರೂ ನಿಂತಲ್ಲೇ ಕೂತುಬಿಟ್ಟರು, ಗಾಜಿನ ಒಳಗೊಬ್ಬಳು, ಹೊರಗೊಬ್ಬಳು.

"ಮುಂಜಾನಿದು ನುಂಗ್ತಿದ್ದೆ, ಸಂಜಿದು ಎಲಿ-ಅಡಕಿ ಸಂಚಿಯಾಗ ಉಳಸ್ತಿದ್ದೆ," ಅಂದಳು ಅಶ್ವಿನೆವ್ವ. "ಮೈ ಆರಾಮಾಗಿತ್ತಲ್ರಿ, ಸುಮ್ನ ಯಾಕ ದಂಡ ಮಾಡೋದು ಅಂತ. ಕೂಸಿಗೆ ನೆಗಡಿ ಅಂದ್ಲು, ಕಳಿಸಿದೆ."

"ನೆಗಡಿ ವೈರಸ್‌ನಿಂದ ಬರ್ತೈತ್ರಿ, ಈ ಗುಳಿಗಿ ಅದನ್ನ ಮುಟ್ಟೂದೂ ಇಲ್ಲ. ನಿಮಗ ಒಗ್ಗತೈತೋ ಇಲ್ಲೋ ಅಂತ ಮೊದಲು ಚರ್ಮಕ್ಕ ಚುಚ್ಚಿ ನೋಡಿದ್ವಿ. ಕೂಸಿಗೆ ಯಾರು ನೋಡಿದ್ರು?"

ಅಶ್ವಿನೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಇನ್ನ ಮ್ಯಾಲ ಒಂದೂ ಬಿಡದ ನುಂಗ್ತೀನಿ. ಬಾಗಲಾ ತೆಗಿತೈತಿಲ್ರಿ?"

ಸಿಂಚನಾ ಸುಳ್ಳು ಹೇಳಬಹುದಿತ್ತು. ಬೆಳಗ್ಗೆಯಷ್ಟೇ ಪ್ರಯೋಗಾಲಯದಲ್ಲಿ ಅಶ್ವಿನೆವ್ವನ ಕಫದಿಂದ ರೋಗಾಣು ಬೆಳೆಸಿದ ತಟ್ಟೆ ನೋಡಿ ಬಂದಿದ್ದಳು. ತಟ್ಟೆಯ ನಡುವೆ ಇಟ್ಟ ಔಷಧದ ಚೂರಿನ ಸುತ್ತಲೂ ರೋಗಾಣುಗಳು ಹುಲುಸಾಗಿ ಬೆಳೆದಿದ್ದವು. ಅರ್ಧ ಔಷಧಕ್ಕೆ ಬಡಕಲು ರೋಗಾಣುಗಳು ಸಾಯುತ್ತವೆ, ಗಟ್ಟಿಯವು ಬದುಕಿ ಸಂಸಾರ ಹೂಡುತ್ತವೆ. ಅವುಗಳ ಮೇಲೆ ಪ್ರಯೋಗಿಸಲು ಬೇರೆ ಗುಳಿಗಿ ಜಗತ್ತಿನಲ್ಲೇ ಇರಲಿಲ್ಲ.

"ನೀವು ಗುಳಿಗಿ ಉಳಿಸಿದ್ರಿ ಅವ್ವಾರ. ಅದು ಕೀಟಾಣು ಉಳಿಸ್ತು. ಬಾಗಲಾ ಯಾವಾಗ ತೆಗಿತೈತಿ, ನನಗ ಗೊತ್ತಿಲ್ಲ."

"ಒಂದ್ ಸಲ ತೆಗೀರಿ ತಾಯಿ. ಕೂಸಿನ ಮಾರಿ ನೋಡಿ, ಹಂಗ ತಿರುಗಿ ಬರ್ತೀನಿ."

"ಕೀಲಿನ ಇಲ್ಲಲ್ರಿ."

ಇದ್ದಿದ್ದರೆ ಈಗ ತೆಗೆದೇ ಬಿಡುತ್ತಿದ್ದೆನೇನೋ ಎನಿಸಿ ಸಿಂಚನಾಳಿಗೆ ತನ್ನ ಮೇಲೇ ಭಯವಾಯಿತು.

ಮಗು ಚೇತರಿಸಿಕೊಂಡ ಮೇಲೆ ಇಂಪನಾ ಅದನ್ನು ಗಾಜಿನ ಹತ್ತಿರ ಕರೆತಂದಳು. ಅಜ್ಜಿ ಊದುವುದನ್ನು ತನ್ವಿ ನೋಡಿದಳು. ತಾನೂ ಹೊರಗಿನಿಂದ ಬಾಗಿಲಿಗೆ ಬಾಯಿ ಹಚ್ಚಿ, ಕೆನ್ನೆ ಉಬ್ಬಿಸಿ ಊದಿದಳು.

"ತೆಗಿವಲ್ತು ಅಜ್ಜಿ, ನೀ ಜೋರಾಗಿ ಊದು," ಅಂದಳು.

ಅಶ್ವಿನೆವ್ವ ಜೋರಾಗಿ ಊದಿದಳು. ಕೆಂಪು ದೀಪ. ಮೊಮ್ಮಗಳು ಹೋದ ಮೇಲೂ ಅವಳು ಗಾಜಿಗೆ ಹಣೆ ಆನಿಸಿಕೊಂಡೇ ನಿಂತಿದ್ದಳು.

"ನಮ್ಮವ್ವ ಹಿಂಗ ಉಳಸ್ತಿದ್ಲು ನೋಡ್ರಿ. ನಾ ಸಣ್ಣಾಕಿ ಇದ್ದೆ. ಅವಾಗಷ್ಟ ಎಲ್ಲಾರ ಕೈಯಾಗ ಮೊಬೈಲ್ ಬಂದಿದ್ವು. ಜ್ವರ ಬಿಟ್ಟ ಕೂಡ್ಲೇ ಉಳದ ಗುಳಿಗಿ ಡಬ್ಬಿಗೆ ಹಾಕಾಕಿ. ಅಡಗಿಮನಿಯಾಗ, ಸಕ್ರಿ ಡಬ್ಬಿ ಬಾಜೂಕ ಇರ್ತಿತ್ತು. ಓಣ್ಯಾಗ ಯಾರಿಗೆ ಜ್ವರ ಬಂದ್ರೂ ಅದರಾಗಿಂದ ಎರಡು ಕೊಡಾಕಿ. ನಮ್ಮನ್ಯಾಗಷ್ಟ ಅಲ್ರಿ, ಎಲ್ಲಾರ ಮನ್ಯಾಗೂ ಇತ್ತು ಆ ಡಬ್ಬಿ."

ಚಿಕ್ಕಂದಿನಲ್ಲಿ ಸಿಂಚನಾಳ ಮನೆಯಲ್ಲಿ ಅದು ಫ್ರಿಜ್ಜಿನ ಬಾಗಿಲಲ್ಲಿರುತ್ತಿತ್ತು.

"ಯಾರರ ಅವಾಗ ಹೇಳಬೇಕಿತ್ತಲ್ರಿ, ಪೂರಾ ನುಂಗ್ರಿ, ಮಂದಿಗೆ ಕೊಡಬ್ಯಾಡ್ರಿ ಅಂತ?"

"ಹೇಳಿದ್ರವ್ವಾ," ಅಂದಳು ಸಿಂಚನಾ. "ಅವಾಗೂ ಹೇಳಿದ್ರು."