ಎಡಗೈ ಹೊಲಿದ ಗುಂಡಿ

ಹೋಟೆಲಿನಲ್ಲಿ ಕುರ್ಚಿ ಎಳೆದು ಕೂರುವಷ್ಟರಲ್ಲೇ ಅವಳ ಕಣ್ಣು ಅವನ ಅಂಗಿಯ ಮೂರನೇ ಗುಂಡಿಯ ಮೇಲೆ ಬಿತ್ತು.

ಆ ಗುಂಡಿ ಹೊಲಿದವಳು ತಾನಲ್ಲ!

ಬಟ್ಟೆ ಹೊಲಿದೇ ಹೊಟ್ಟೆ ಹೊರೆಯುವವಳ ಕಣ್ಣು ಮೋಸ ಹೋಗುವುದುಂಟೇ? ಗುಂಡಿಯ ಬುಡಕ್ಕೆ ದಾರ ಉಲ್ಟಾ ಸುತ್ತಿತ್ತು. ಎಡಗೈಯವರು ಮಾತ್ರ ಹಾಗೆ ಸುತ್ತುತ್ತಾರೆ. ಅವನೋ ಬಲಗೈಯವನು. ರೂಮಿನಲ್ಲಿ ಒಬ್ಬನೇ ಇರುತ್ತೇನೆ ಎಂದಿದ್ದವನು...

ಅವನು ಈ ಕಡಲ ದಂಡೆಯ ಊರಿನ ದೋಣಿ ಮೆಕ್ಯಾನಿಕ್. ವಾರ ವಾರ ಗುಂಡಿ ಬಿದ್ದ ಅಂಗಿ ಹಿಡಿದು ಪೇಟೆಯಲ್ಲಿದ್ದ ಅವಳ ಅಂಗಡಿಗೆ ಬರುತ್ತಿದ್ದ. ಗುಂಡಿಯ ನೆಪದಲ್ಲಿ ಮಾತು ಬೆಳೆಯಿತು. ಹೋದ ವಾರ, "ನನ್ನನ್ನ ಮದುವೆ ಆಗ್ತೀರಾ?" ಎಂದು ಕೇಳಿಯೇ ಬಿಟ್ಟ. ಉತ್ತರವನ್ನು ಈ ಊಟದಲ್ಲಿ ಹೇಳುತ್ತೇನೆ ಎಂದಿದ್ದಳು.

ಹೂಂ ಎನ್ನಲೆಂದೇ ಬಂದಿದ್ದಳು. ಆದರೆ ಹಿಂದೊಮ್ಮೆ ಅವಳಿಗೆ ಉಂಗುರ ತೊಡಿಸಿದ್ದ ಬೇರೊಬ್ಬ ಕೊನೆಗೆ ಇನ್ನೊಬ್ಬಳ ಕೈ ಹಿಡಿದಿದ್ದ. ಮತ್ತೆ ಅದೇ ಗತಿಯಾದರೆ?

"ಏನಪ್ಪಾ, ಇವತ್ತು ತಲೆ ಎಲ್ಲಾ ಬಾಚ್ಕೊಂಡು ಬಂದಿದ್ದೀಯಾ!" ಹೋಟೆಲಿನ ಒಡತಿ ನಗುತ್ತಾ ಬಂದು ಲೋಟಕ್ಕೆ ನೀರು ಸುರಿದಳು.

ಎಡಗೈಯಲ್ಲಿ!

ಅವನು ಒಡತಿಗೆ ಸುಮ್ಮನಿರುವಂತೆ ಕಣ್ಸನ್ನೆ ಬೇರೆ ಮಾಡಿದ.

'ಓಹೋ! ಬೆಕ್ಕು ಕಣ್ಮುಚ್ಚಿ ಹಾಲು ಕುಡಿದರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿದ್ದಾನೆ...'

ಮೇಜಿನ ಮೇಲೆ ಮೋಂಬತ್ತಿ, ಕಿಟಕಿಯಾಚೆ ಕಡಲು, ತಟ್ಟೆಯಲ್ಲಿ ಕೆಂಡದಲ್ಲಿ ಸುಟ್ಟ ಮೀನು. ಎಲ್ಲ ಇತ್ತು. ಅವಳು ಮಾತ್ರ ಮೀನನ್ನು ಬೆರಳಲ್ಲಿ ಕೆದಕುತ್ತಾ ಕೂತಳು.

"ಊಟ ಹಿಡಿಸಲಿಲ್ವಾ?" ಎಂದ ಮೆಲ್ಲಗೆ.

"ನಿಮ್ಮ ಅಂಗಿಗೆ ಗುಂಡಿ ಹೊಲಿದವರು ಯಾರು?"

ಅವನ ಮುಖ ಬಿಳಿಚಿಕೊಂಡಿತು. ಇನ್ನೇನು ಬೇಕು? ಅವಳು ಚೀಲ ಎತ್ತಿಕೊಂಡು ಎದ್ದಳು.

"ನನ್ನ ಉತ್ತರ ಕೇಳ್ಕೊಳ್ಳಿ..."

"ಅಯ್ಯೋ, ಕೂತ್ಕೋಮ್ಮ!" ಒಡತಿ ಓಡೋಡಿ ಬಂದಳು. "ನಾನು ಇವನ ಅತ್ತಿಗೆ! ಮನೆಯವರ ಎದುರು ಉತ್ತರ ಹೇಳೋಕೆ ನೀನು ಗಾಬರಿ ಆಗ್ತೀಯಾ ಅಂತ, ಮೊದಲೇ ಹೇಳ್ಬೇಡಿ ಅಂದಿದ್ದ ಈ ಪುಣ್ಯಾತ್ಮ. ಗುಂಡಿ ಹೊಲಿದಿದ್ದೂ ನಾನೇ. ಮೊನ್ನೆ ನಿನ್ನ ಅಂಗಡಿ ಬಾಗಿಲು ಹಾಕಿತ್ತಂತೆ, ಪೆಚ್ಚುಮೋರೆ ಹಾಕ್ಕೊಂಡು ವಾಪಸ್ ಬಂದ. ಕತ್ತರಿಸಿದ್ದು ಇವನು, ಹೊಲಿಯೋ ಕರ್ಮ ನಂದು!"

"ಕತ್ತರಿಸಿದ್ದಾ?"

"ಅತ್ತಿಗೆ, ಸಾಕು!" ಎಂದು ಅವನು ಗೋಗರೆದ.

"ಸುಮ್ನಿರೋ! ನನ್ನ ಅಡುಗೆಮನೆ ಕತ್ತರಿಯಲ್ಲೇ ಕತ್ತರಿಸ್ತಾನಮ್ಮ. ನಿನ್ನ ನೋಡೋಕೆ ಒಂದು ನೆಪ ಬೇಕಲ್ಲ!"

ಒಡತಿ ನಗುತ್ತಾ ಒಳಗೆ ಹೋದಳು. ಅವಳು ಚೀಲ ಕೆಳಗಿಟ್ಟು ಕೂತಳು. ತಾನಾಗಿ ಬಿದ್ದ ಗುಂಡಿಯಾದರೆ ದಾರ ಎಳೆಎಳೆಯಾಗಿ ಬಿಚ್ಚಿಕೊಂಡಿರುತ್ತದೆ. ಇವನು ತಂದ ಅಂಗಿಗಳಲ್ಲಿ ದಾರದ ತುದಿ ಯಾವತ್ತೂ ನೀಟಾಗಿ ಕತ್ತರಿಸಿದಂತೆಯೇ ಇತ್ತು! ಬಂದವನ ಮುಖ ನೋಡುವ ಭರದಲ್ಲಿ ಅದರ ಅರ್ಥವೇ ಅವಳಿಗೆ ಹೊಳೆದಿರಲಿಲ್ಲ.

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ತಪ್ಪಾಯ್ತು... ಹೇಳ್ಕೊಳ್ಳೋಕೆ ನಾಚಿಕೆ ಆಯ್ತು," ಎಂದ.

"ನಿಮ್ಮನ್ನ ಕಳ್ಕೊಂಡೆ ಅಂತ ಜೀವವೇ ಹೋದ ಹಾಗಾಗಿತ್ತು ನನಗೆ!" ಎಂದಳು.

"ಹಾಗಾದ್ರೆ... ಉತ್ತರ?"

ಅವಳು ಕಣ್ಣೊರೆಸಿಕೊಂಡು ಅಡುಗೆಮನೆಯತ್ತ ತಿರುಗಿದಳು. "ಅಕ್ಕಾ! ಮೀನು ಆರಿ ಹೋಯ್ತು, ಸ್ವಲ್ಪ ಬಿಸಿ ಮಾಡ್ಕೊಡ್ತೀರಾ?"

"ಅಕ್ಕ ಅಂದ್ರಾ?" ಅವನು ಮೇಜಿನ ಮೇಲೆ ಮುಂದಕ್ಕೆ ಬಾಗಿದ.

"ಇನ್ನೇನನ್ನಲಿ? ನಿಮ್ಮ ಅತ್ತಿಗೆ ಇನ್ಮೇಲೆ ನನಗೆ ಅಕ್ಕ ತಾನೇ?"