ಬೀರುವಿನ ಹಿಂದಿನ ಬಿಳಿ ಪೆಟ್ಟಿಗೆ

"ಇಳೀರಿ! ಮೊದಲು ಆ ಹಾಸಿಗೆಯಿಂದ ಕೆಳಗಿಳೀರಿ!"

ಹಾಸಿಗೆಯ ಮೇಲೆ ನಿಂತು ಚಾವಣಿ ತಡಕುತ್ತಿದ್ದ ಯುವಕ ಬೆಚ್ಚಿಬಿದ್ದ. ಕೈಯಲ್ಲಿದ್ದ ವೈರಿನ ಸುರುಳಿ ದಿಂಬಿನ ಮೇಲೆ ಬಿತ್ತು. ಒಂದು ಸುಕ್ಕೂ ಇಲ್ಲದಂತೆ ಅವಳು ಆಗಷ್ಟೇ ಹಾಸಿದ್ದ ಬಿಳಿ ಹೊದಿಕೆ! ಅತಿಥಿಗಳು ಬರುವ ಹೊತ್ತು ಬೇರೆ!

"ಶೂ ಬಿಚ್ಚಿದ್ದೀನಿ ಮೇಡಂ..." ಎಂದ ಅವನು ಮೆಲ್ಲಗೆ.

ಅವಳ ಕಣ್ಣು ಅವನ ಕಾಲಿಗೆ ಹೋಯಿತು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು. ಅವಳು ನೋಡಿದ್ದೇ ತಡ, ಅವನು ಬೆರಳನ್ನು ಒಳಗೆ ಮಡಚಿಕೊಂಡ.

ನಗಬಾರದು... ನಗಲೇಬಾರದು... ಅವಳು ತುಟಿ ಕಚ್ಚಿಕೊಂಡು ಬಾಗಿಲಾಚೆ ಓಡಿದಳು.

ಆ ಹೋಟೆಲಿನ ಕೋಣೆಗಳ ಉಸ್ತುವಾರಿಯೆಲ್ಲ ಅವಳದೇ. ಮೊದಲೆಲ್ಲ ಅತಿಥಿ ಒಂದು ಟವೆಲ್ ಬೇಕೆಂದರೆ ರಿಸೆಪ್ಶನ್‌ಗೆ ಹೇಳಬೇಕು, ಅವರು ಮಹಡಿಗೆ ಫೋನ್ ಮಾಡಬೇಕು, ಅಲ್ಲಿ ಯಾರೂ ಎತ್ತುತ್ತಲೇ ಇರಲಿಲ್ಲ... ಟವೆಲ್ ಬರುವಷ್ಟರಲ್ಲಿ ಅತಿಥಿಯ ಮೈ ತಾನಾಗಿಯೇ ಒಣಗಿರುತ್ತಿತ್ತು! ಅದಕ್ಕೇ ಮ್ಯಾನೇಜರ್ ಕಟ್ಟಡಕ್ಕೆಲ್ಲ ವೈಫೈ ಹಾಕಿಸಿ, ಕೆಲಸದವರಿಗೆಲ್ಲ ಒಂದೊಂದು ಪುಟ್ಟ ಫೋನು ಕೊಡಿಸಿದ್ದರು. ಅತಿಥಿ ಕೇಳಿದ್ದು ನೇರವಾಗಿ ಆಯಾ ಮಹಡಿಯವರ ಫೋನಿಗೆ ಬರುತ್ತಿತ್ತು. ಕೆಲಸ ಮುಗಿದ ಮೇಲೆ 'ಆಯಿತು' ಎಂದು ಒತ್ತಬೇಕು. ಬದಿಯ ಗುಂಡಿ ಒತ್ತಿ ಹಿಡಿದು ಮಾತಾಡಿದರೆ ಮ್ಯಾನೇಜರ್ ಸೇರಿ ಎಲ್ಲರ ಫೋನಿನಲ್ಲೂ ಕೇಳಿಸುತ್ತಿತ್ತು.

ಇದನ್ನೆಲ್ಲ ಜೋಡಿಸಲು ಬಂದವನೇ ಈ ತೂತು ಕಾಲುಚೀಲದವನು. ಕೋಣೆ ಕೆಲಸದ ಹೆಂಗಸರೆಲ್ಲ ಸೇರಿ ಅವನಿಗೆ 'ಸಿಗ್ನಲ್ಲಪ್ಪ' ಎಂದು ಹೆಸರಿಟ್ಟಿದ್ದರು.

ಮೂರನೇ ಮಹಡಿಯ ಕೋಣೆಗಳು ಅವಳ ದೊಡ್ಡಮ್ಮನ ಪಾಲಿಗಿದ್ದವು. ತಾಯಿಯಿಲ್ಲದ ಅವಳನ್ನು ಇದೇ ಕೆಲಸ ಮಾಡಿ ಸಾಕಿದ ದೊಡ್ಡಮ್ಮ! ಫೋನು ನೋಡಿ ಹೆದರಿದ್ದ ಆಕೆಯ ಪಕ್ಕ ಕೂತು, ಬೇಸರಿಸಿಕೊಳ್ಳದೆ ಒಂದೊಂದನ್ನೇ ಹೇಳಿಕೊಟ್ಟವನು ಅವನು. ಅದನ್ನು ನೋಡಿದ ದಿನವೇ ಅವಳ ಮನಸ್ಸು ಕೈತಪ್ಪಿ ಹೋಗಿತ್ತು. ಹಿಂಬದಿ ಮೆಟ್ಟಿಲ ಮೇಲೆ ಮೂವರೂ ಟೀ ಕುಡಿಯುವುದು ರೂಢಿಯಾಯಿತು.

"ಹುಡುಗ ಒಳ್ಳೆಯವನು ಕಣೇ. ಕಾಲುಚೀಲ ಹೊಲಿಯೋಕೆ ಯಾರಾದ್ರೂ ಬೇಕು ಅಷ್ಟೆ," ಎಂದು ದೊಡ್ಡಮ್ಮ ಛೇಡಿಸಿದರೆ ಅವಳ ಕೆನ್ನೆ ಕೆಂಪಾಗುತ್ತಿತ್ತು.

ಆದರೆ ಒಂದು ಬೆಳಿಗ್ಗೆ ಮ್ಯಾನೇಜರ್ ಅವಳನ್ನು ಕರೆಸಿದರು.

"ಮೂರನೇ ಮಹಡಿ ತುಂಬಾ ನಿಧಾನ ಮೇಡಂ. ನಿಮ್ಮ ದೊಡ್ಡಮ್ಮನ ಕೈಲಿ ಇನ್ನು ಆಗಲ್ಲ. ಬೇರೆಯವರನ್ನ ನೋಡೋಣ."

"ಯಾರು ಹೇಳಿದ್ದು ಸಾರ್?"

"ಒಂದೊಂದು ಕೆಲಸಕ್ಕೆ ಎಷ್ಟು ಹೊತ್ತು ಹಿಡೀತು ಅಂತ ನಿಮ್ಮ ವೈಫೈನವರ ಲೆಕ್ಕಾನೇ ಹೇಳ್ತಿದೆಯಲ್ಲ!"

ಅವನಾ...? ದೊಡ್ಡಮ್ಮನ ಹೊಟ್ಟೆಯ ಮೇಲೆ ಹೊಡೆದದ್ದು ಅವನಾ?

ಮೆಟ್ಟಿಲ ಬಳಿ ಅವನು ಸಿಕ್ಕಿದ. "ಜೊತೇಲಿ ಕೂತು ಟೀ ಕುಡಿದು ಬೆನ್ನಿಗೆ ಚೂರಿ ಹಾಕಿದ್ರಲ್ಲ!" ಎಂದಳು ಅವಳು. ಕಣ್ಣು ಉರಿಯುತ್ತಿತ್ತು.

"ಏನು... ಏನಾಯ್ತು ಮೇಡಂ?"

"ಮೂರನೇ ಮಹಡಿ ನಿಧಾನ ಅಂತ ಲೆಕ್ಕ ಕೊಟ್ಟು ದೊಡ್ಡಮ್ಮನ ಕೆಲಸ ತೆಗಿಸ್ತಿದ್ದೀರಿ! ಇನ್ನು ನನ್ನ ಕಣ್ಣಿಗೆ ಬೀಳಬೇಡಿ!"

ಅವನ ಮುಖ ಸಪ್ಪಗಾಯಿತು. ತಿರುಗಿ ಮೂರನೇ ಮಹಡಿಯತ್ತ ಓಡಿದ. ತಪ್ಪು ಮಾಡಿದವನು ಇನ್ನೇನು ಮಾಡುತ್ತಾನೆ ಎಂದುಕೊಂಡು ಅವಳು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮಧ್ಯಾಹ್ನ ದೊಡ್ಡಮ್ಮನಿಗೆ ಹೇಗೆ ಹೇಳುವುದೆಂದು ತಿಳಿಯದೆ ಮೇಲೆ ಹೋದಳು. ದೊಡ್ಡಮ್ಮ ಕೋಣೆ ಮುಗಿಸಿ, ಮಂಡಿ ಹಿಡಿದುಕೊಂಡು ಮೆಟ್ಟಿಲತ್ತ ನಡೆಯುತ್ತಿದ್ದರು.

"ಎಲ್ಲಿಗೆ ದೊಡ್ಡಮ್ಮಾ?"

"ಎರಡನೇ ಮಹಡಿಗೆ. ಈ ಫೋನು ಇಲ್ಲಿ ಉಸಿರೇ ಬಿಡಲ್ಲ. ಕೆಳಗೆ ಹೋಗಿ ಒತ್ತಿದ್ರೇನೇ 'ಆಯಿತು' ಅನ್ನುತ್ತೆ."

"ಪ್ರತೀ ಸಲವೂ?! ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಆ ಹುಡುಗನಿಗೆ ಕೆಟ್ಟ ಹೆಸರು ಬರಲ್ವೇನೇ, ಪಾಪ..."

ಅಷ್ಟರಲ್ಲಿ ಪಡಸಾಲೆಯ ತುದಿಯಿಂದ ಕಬ್ಬಿಣ ಎಳೆಯುವ ಕರ್ಕಶ ಸದ್ದು. ಅವಳು ದೊಡ್ಡಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ತನ್ನ ಫೋನು ಹಿಡಿದು ಅತ್ತ ಓಡಿದಳು.

ಹೊದಿಕೆ, ಟವೆಲ್ ತುಂಬಿದ ದೊಡ್ಡ ಕಬ್ಬಿಣದ ಬೀರುವನ್ನು ಅವನು ಒಬ್ಬನೇ ಹೆಗಲು ಕೊಟ್ಟು ಪಕ್ಕಕ್ಕೆ ತಳ್ಳಿದ್ದ. ಅದರ ಹಿಂದೆ ಗೋಡೆಯ ಮೇಲೆ ವೈಫೈನ ಬಿಳಿ ಪೆಟ್ಟಿಗೆ ಮಿಣಮಿಣ ಮಿನುಗುತ್ತಿತ್ತು.

ಗೋಡೆಯ ಅಂದ ಕೆಡುತ್ತದೆಂದು ಆ ಪೆಟ್ಟಿಗೆಗೆ ಬೀರು ಅಡ್ಡ ಇಡಿಸಿದವಳು ಅವಳೇ! ಅಯ್ಯೋ... ದೊಡ್ಡಮ್ಮನನ್ನು ಮೆಟ್ಟಿಲು ಹತ್ತಿಸಿ ಇಳಿಸಿದ್ದು ನಾನೇನಾ?

"ಬೀರು ಇಲ್ಲಿಡಿಸಿದ್ದು... ನಾನು," ಎಂದಳು, ಫೋನನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು.

"ಗೊತ್ತು. ಇಲ್ಲಿ ಎಲ್ಲಾನೂ ಅಷ್ಟು ನೀಟಾಗಿ ಜೋಡಿಸೋರು ನೀವೇ ತಾನೆ? ಕಬ್ಬಿಣ ಅಡ್ಡ ಬಂದ್ರೆ ಸಿಗ್ನಲ್ ದಾಟಲ್ಲ."

"ಮತ್ತೆ ಆ ಲೆಕ್ಕ?"

"ಅದು ತಾನಾಗೇ ಮ್ಯಾನೇಜರ್ ಕಂಪ್ಯೂಟರ್‌ಗೆ ಹೋಗುತ್ತೆ. ನಾನು ನೋಡೇ ಇರ್ಲಿಲ್ಲ. ನೀವು ಬೈದ ಮೇಲೇ ಗೊತ್ತಾಗಿದ್ದು. ಪೆಟ್ಟಿಗೆಗೆ ಸರಿಯಾದ ಜಾಗ ನೋಡದೇ ಇದ್ದಿದ್ದು ನಂದೇ ತಪ್ಪು ಅಂತ ಅವರಿಗೆ ಹೇಳಿ ಬಂದೆ. ದೊಡ್ಡಮ್ಮನ ಕೆಲಸಕ್ಕೇನೂ ಆಗಲ್ಲ."

ಏನೂ ಆಗಲ್ಲ! ಎದೆಯ ಮೇಲಿನ ಬಂಡೆ ಉರುಳಿ ಹೋದಂತಾಗಿ ಅವಳು ಅಳುತ್ತಲೇ ನಕ್ಕಳು.

"ನನ್ನ ತಪ್ಪನ್ನ ನೀವ್ಯಾಕೆ ತಲೆ ಮೇಲೆ ಹಾಕ್ಕೊಂಡ್ರಿ? ಬೈಸಿಕೊಂಡಿರಲ್ವಾ?"

"ಚೆನ್ನಾಗೇ ಬೈದ್ರು. ಪರವಾಗಿಲ್ಲ, ಬೆಳಿಗ್ಗೆ ನೀವು ಬೈದಿದ್ದರ ಮುಂದೆ ಅದೇನೂ ಅಲ್ಲ."

"ಕ್ಷಮಿಸಿ... ಬೇರೆ ಯಾರಾದ್ರೂ ಆಗಿದ್ರೆ ನನಗೆ ಅಷ್ಟು ನೋವಾಗ್ತಿರ್ಲಿಲ್ಲ. ನೀವಂದ್ರೆ ನನಗೆ ಇಷ್ಟ. ತುಂಬಾ... ತುಂಬಾ ಇಷ್ಟ!"

ಕಣ್ಣೊರೆಸಿಕೊಳ್ಳಲು ಅವಳು ಕೈ ಸಡಿಲಿಸಿದ್ದೇ ತಡ, ಫೋನಿನಿಂದ ಗೊಳ್ಳೆಂದು ನಗು ಕೇಳಿಸಿತು. ಅಯ್ಯಯ್ಯೋ, ಇಷ್ಟು ಹೊತ್ತೂ ಬದಿಯ ಗುಂಡಿ ಒತ್ತಿಕೊಂಡೇ ಇದ್ದಳು!

"ಮೂರನೇ ಮಹಡೀಲಿ ಒಂದಕ್ಷರ ಬಿಡದೆ ಕೇಳಿಸ್ತು ಕಣೇ!" ದೊಡ್ಡಮ್ಮನ ದನಿ.

"ಇಲ್ಲೂ ಕೇಳಿಸ್ತು ಮೇಡಂ. ಬೀರು ವಿಷಯ ನಾಳೆ ಮಾತಾಡೋಣ," ಎಂದರು ಮ್ಯಾನೇಜರ್. ಅವರ ದನಿಯಲ್ಲೂ ನಗುವಿತ್ತು.

"ಏ ಹುಡುಗಾ, ನೀನೇನೂ ಹೇಳಲೇ ಇಲ್ಲವಲ್ಲೋ!" ಎಂದರು ದೊಡ್ಡಮ್ಮ ಮತ್ತೆ.

ಅವಳು ನಾಚಿ ಮುಖ ಮುಚ್ಚಿಕೊಂಡಳು. ಅವನು ಅವಳ ಕೈಯಿಂದ ಫೋನು ತೆಗೆದುಕೊಂಡು, ಬೀರು ತೆರೆದು, ಟವೆಲುಗಳ ಅಡಿಗೆ ತೂರಿಸಿ ಬಾಗಿಲು ಭದ್ರವಾಗಿ ಮುಚ್ಚಿದ.

"ಇನ್ನು ಒಂದು ಮಾತೂ ಆಚೆ ಹೋಗಲ್ಲ. ನಿಮ್ಮಿಂದಲೇ ಕಲಿತಿದ್ದು," ಎಂದ.

"ಈಗ ಹೇಳಿ..." ಎಂದಳು ಅವಳು, ಬೆರಳ ಸಂದಿಯಿಂದ ನೋಡುತ್ತಾ.

"ಹಾಸಿಗೆ ಮೇಲಿಂದ ಇಳೀರಿ ಅಂತ ಕೂಗಿದ್ರಲ್ಲ, ಆವತ್ತೇ ಇಷ್ಟ ಆದ್ರಿ. ಹೆಬ್ಬೆರಳು ಕಂಡಿದ್ದಕ್ಕೆ ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ."

"ಮತ್ತೆ ಇವತ್ತೂ ಅದನ್ನೇ ಹಾಕ್ಕೊಂಡು ಬಂದಿದ್ದೀರಾ?"

ಅವನು ಶೂ ಒಳಗೇ ಬೆರಳು ಮಡಚಿಕೊಂಡು ಹೌದೆಂದು ತಲೆಯಾಡಿಸಿದ.

"ನಾಳೆ ತನ್ನಿ," ಎಂದು ಅವಳು ಅವನ ಕೈ ಹಿಡಿದುಕೊಂಡಳು, "ಹೊಲಿದು ಕೊಡ್ತೀನಿ."